ರೂಪಕವೋ, ಆರೋಪವೋ?

ಅಲಂಕಾರಶಾಸ್ತ್ರದ ಪಾಠ ಹೇಳುವ ಮೇಷ್ಟರಿಗೆ ರೂಪಕದಷ್ಟು ಸುಲಭವಾದ ಅಲಂಕಾರ ಇನ್ನೊಂದಿಲ್ಲ. ಉಪಮೆಯಲ್ಲಿ ಮುಖವು ಚಂದ್ರನಂತಿದೆ ಎಂದು ಹೋಲಿಸುತ್ತೇವೆ. ರೂಪಕದಲ್ಲಿ ಮುಖಚಂದ್ರ ಎಂದುಬಿಡುತ್ತೇವೆ. ಎರಡಕ್ಕೂ ಭೇದವೇ ಇಲ್ಲವೆಂಬಂತೆ ಒಂದರ ಮೇಲೆ ಇನ್ನೊಂದನ್ನು ಹೊರಿಸುತ್ತೇವೆ. ಹೀಗೆ ಹೊರಿಸುವುದಕ್ಕೆ ಶಾಸ್ತ್ರದಲ್ಲಿ ‘ಆರೋಪ’ ಎಂದು ಹೆಸರು. ಇಪ್ಪತ್ತು ವರ್ಷಗಳಿಂದ ಈ ಮಾತನ್ನು ಕರಿಹಲಗೆಯ ಮೇಲೆ ಬರೆದು ಅಳಿಸುತ್ತ ಬಂದಿದ್ದೇನೆ. ಇದೇ ಪದಕ್ಕೆ ಕೋರ್ಟು ಕಚೇರಿಗಳಲ್ಲಿ ಬೇರೊಂದು ಅರ್ಥವಿರುವುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ಆ ಎರಡು ಅರ್ಥಗಳಿಗೂ ಒಳಗೊಳಗೇ ನಂಟುಂಟೆಂದು ನನಗೆ ಹೊಳೆದದ್ದು ಈಚೆಗೆ. ಹೊಳೆಯಿಸಿದವಳು, ಅಲಂಕಾರಶಾಸ್ತ್ರವನ್ನು ಎಂದೂ ಓದದ ನನ್ನ ಅಕ್ಕ.

ನಡೆದದ್ದು ಇಷ್ಟು. ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಮಿತ್ರರೊಬ್ಬರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಸ್ಮರಣೆಯ ಲೇಖನವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದ ಮೇಷ್ಟರಲ್ಲವೇ, ಬರೆದೆ. ‘ರಕ್ತದ ಕ್ಯಾನ್ಸರೆಂಬ ಮಹಾಶತ್ರುವಿನೊಡನೆ ಎರಡು ವರ್ಷಗಳ ಕಾಲ ವೀರಾವೇಶದಿಂದ ಹೋರಾಡಿ, ಕೊನೆಗೆ ಸೋತು ಮಡಿದರು’ ಎಂಬುದು ಅದರ ಮೊದಲನೆಯ ವಾಕ್ಯ. ವಾಕ್ಯದ ನಡಿಗೆ ನನಗೆ ಮೆಚ್ಚುಗೆಯಾಗಿತ್ತು, ಸಹೋದ್ಯೋಗಿಗಳೂ ಮೆಚ್ಚಿದರು. ಸಂಚಿಕೆಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟಿದ್ದೆ. ಹಬ್ಬಕ್ಕೆ ಬಂದಿದ್ದ ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ಓದಿದಳು. ಓದಿ ಮುಗಿಸಿ, “ಸೋತರು ಅಂತ ಬರೆದಿದ್ದೀಯಲ್ಲೋ. ಸೋತಿದ್ದು ಔಷಧವೋ, ಅವರೋ?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ಕೇಳುವ ಅಧಿಕಾರ ಅವಳಿಗೆ ಉಂಟು. ಅವಳಿಗೆ ಲೂಪಸ್ ಎಂಬ ಕಾಯಿಲೆ ಬಂದು 11 ವರ್ಷವಾಯಿತು. ದೇಹವನ್ನು ಸೋಂಕುಗಳಿಂದ ಕಾಯಬೇಕಾದ ವ್ಯವಸ್ಥೆಯೇ ಆ ದೇಹದ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಹೆಸರಿಡುವಾಗಲೇ ಹಳೆಯ ಕಾಲದ ವೈದ್ಯರು ಒಂದು ರೂಪಕವನ್ನು ಕಟ್ಟಿ ಕಳುಹಿಸಿದ್ದಾರೆ. ಬಿಸಿಲು ಕೂಡದೆಂದು ಅಕ್ಕ ಮೋಡದ ದಿನವೂ ಕೊಡೆ ಹಿಡಿಯುತ್ತಾಳೆ. ಮದುವೆಯ ಮನೆಗಳಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ದಿನವೂ ನುಂಗುವ ಗುಳಿಗೆಗಳು ಅವಳ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವಂಥವಲ್ಲ, ತಗ್ಗಿಸುವಂಥವು. ಇಂಥವಳನ್ನು ಕಂಡಾಗಲೆಲ್ಲ ನೆಂಟರು “ಧೈರ್ಯವಾಗಿ ಹೋರಾಡಬೇಕಮ್ಮ” ಎನ್ನುತ್ತಾರೆ. “ನನ್ನ ಸೈನ್ಯವನ್ನೇ ಮಲಗಿಸೋ ಮಾತ್ರೆ ತಿಂತಾ ಇದ್ದೀನಿ. ನಾನು ಯಾರ ಜೊತೆ ಹೋರಾಡಲಿ?” ಎಂದು ಅವಳು ನನ್ನೊಡನೆ ನಗುತ್ತ ಹೇಳಿದ್ದುಂಟು. ಆಗ ನಾನೂ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ.

ಉತ್ತರ ಹುಡುಕುತ್ತ, ನಮ್ಮವರು ಮಾಡುವಂತೆ, ಪುಸ್ತಕಗಳ ಕಡೆಗೆ ತಿರುಗಿದೆ. ಈ ವಿಷಯದಲ್ಲಿ ಮೊದಲು ಓದಬೇಕಾದದ್ದು ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ ಅವರು 1978ರಲ್ಲಿ ಪ್ರಕಟಿಸಿದ ‘ಇಲ್‌ನೆಸ್ ಆ್ಯಸ್ ಮೆಟಫರ್’ ಎಂಬ ಚಿಕ್ಕ ಪುಸ್ತಕ. ರೋಗವನ್ನು ಕುರಿತು ಪುಸ್ತಕಗಳು ಬೇಕಾದಷ್ಟಿವೆ. ರೋಗದ ಬಗೆಗೆ ನಾವಾಡುವ ಮಾತನ್ನು ಕುರಿತ ಪುಸ್ತಕಗಳಲ್ಲಿ ಇಷ್ಟು ಹೆಸರಾದದ್ದು ಇನ್ನೊಂದಿಲ್ಲ. ಇದನ್ನು ಬರೆಯುವ ಮೊದಲು ಸಾಂಟಾಗ್ ತಾವೇ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದರು. ಪುಸ್ತಕದಲ್ಲಿ ಆ ಸಂಗತಿಯ ಸುಳಿವೇ ಇಲ್ಲ. ತಮ್ಮ ನೋವನ್ನು ಮುಂದಿಟ್ಟುಕೊಂಡು ವಾದ ಗೆಲ್ಲುವುದು ಅವರಿಗೆ ಬೇಕಿರಲಿಲ್ಲವೆಂದು ತೋರುತ್ತದೆ. ಅವರ ವಾದ ಇದು. ಹತ್ತೊಂಬತ್ತನೆಯ ಶತಮಾನದ ಕವಿಗಳು ಕ್ಷಯವನ್ನು ಸುಕುಮಾರ ಹೃದಯದವರ ಕಾಯಿಲೆಯೆಂದು ಸಿಂಗರಿಸಿದರು. ಇಪ್ಪತ್ತನೆಯ ಶತಮಾನದವರು ಕ್ಯಾನ್ಸರನ್ನು, ಆಸೆಗಳನ್ನು ಅದುಮಿಟ್ಟುಕೊಂಡವರ ಕಾಯಿಲೆಯೆಂದು ಅವಮಾನಿಸಿದರು. ಸಿಂಗಾರವಾಗಲಿ ಅವಮಾನವಾಗಲಿ, ಎರಡೂ ಕಡೆ ರೋಗಕ್ಕೆ ಕಾರಣ ರೋಗಿಯ ಸ್ವಭಾವವೆಂದಾಯಿತು. ರೋಗವು ರೋಗವೇ ಹೊರತು ಯಾರ ಶೀಲದ ಲಕ್ಷಣವೂ ಅಲ್ಲ, ಅದರ ಮೇಲೆ ಹೊರಿಸಿದ ರೂಪಕಗಳನ್ನೆಲ್ಲ ಇಳಿಸಬೇಕು ಎಂಬುದು ಅವರ ನಿರ್ಣಯ.

ರಕ್ತದ ಕ್ಯಾನ್ಸರಿನ ಬಗೆಗೆ ಸಾಂಟಾಗ್ ಗುರುತಿಸಿದ ಒಂದು ಸೂಕ್ಷ್ಮವನ್ನು ನಮ್ಮ ವಿಮರ್ಶಕರೂ ಗಮನಿಸಬೇಕು. ಎರಿಕ್ ಸೀಗಲ್ ಎಂಬುವರು 1970ರಲ್ಲಿ ಬರೆದ ‘ಲವ್ ಸ್ಟೋರಿ’ ಎಂಬ ಕಾದಂಬರಿಯ ನಾಯಕಿ ಸಾಯುವುದು ಲ್ಯುಕೇಮಿಯಾದಿಂದ. ಹೊಟ್ಟೆಯ ಕ್ಯಾನ್ಸರೋ ಸ್ತನದ ಕ್ಯಾನ್ಸರೋ ಆಗಿದ್ದರೆ ಆ ಪ್ರೇಮಕಥೆಗೆ ಒಗ್ಗುತ್ತಿರಲಿಲ್ಲ. ಲ್ಯುಕೇಮಿಯಾದಲ್ಲಿ ಗಡ್ಡೆಯಿಲ್ಲ, ಕತ್ತರಿಸಿ ತೆಗೆಯುವ ಅಂಗವಿಲ್ಲ. ಮುಖ ಬಿಳುಪೇರುತ್ತದೆ, ಸೌಂದರ್ಯ ಉಳಿಯುತ್ತದೆ. ಹಳೆಯ ಕ್ಷಯದ ಪಾತ್ರವನ್ನು ಈ ಹೊಸ ರೋಗಕ್ಕೆ ಕೊಟ್ಟಿದ್ದಾರೆ. ಮರುವರ್ಷ, 1971ರಲ್ಲಿ, ಹೃಷಿಕೇಶ ಮುಖರ್ಜಿಯವರ ‘ಆನಂದ್’ ಚಿತ್ರ ಬಂತು. ಅದರ ನಾಯಕನಿಗೆ ಕರುಳಿನ ಲಿಂಫೋಸಾರ್ಕೋಮಾ, ಎಂದರೆ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಕ್ಯಾನ್ಸರು. ರೋಗದ ಭಾರಿ ಹೆಸರನ್ನೇ ಹಿಡಿದು ಅವನು ಹಾಸ್ಯ ಮಾಡುತ್ತಾನೆ, ಹಾಡುತ್ತಾನೆ, ಮುನಿಸಿಕೊಂಡವರನ್ನು ನಗಿಸುತ್ತಾನೆ. ನಾನು ಆ ಚಿತ್ರವನ್ನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಕಣ್ಣೊರೆಸಿಕೊಂಡಿದ್ದೇನೆ. ಅದು ಒಳ್ಳೆಯ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನಮ್ಮ ತಲೆಯಲ್ಲಿ ಒಂದು ಅಳತೆಗೋಲನ್ನು ನೆಟ್ಟುಹೋಗಿದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಬಾಯಿತುಂಬ ಹುಣ್ಣಾಗಿ, ವಾಂತಿಯಿಂದ ಬಳಲಿ, ಬಂದವರ ಮೇಲೆ ಸಿಡುಕುವ ರೋಗಿ ಆ ಕೋಲಿಗೆ ಗಿಡ್ಡನಾಗಿ ಕಾಣುತ್ತಾನೆ. ನನ್ನ ಇತಿಹಾಸದ ಮಿತ್ರರು ಕೊನೆಯ ತಿಂಗಳುಗಳಲ್ಲಿ ಬಹಳ ಸಿಡುಕುತ್ತಿದ್ದರು. ನನ್ನ ‘ವೀರಾವೇಶ’ದಲ್ಲಿ ಆ ಸಿಡುಕಿಗೆ ಜಾಗವಿರಲಿಲ್ಲ.

ರೋಗಕ್ಕೆ ರೂಪಕ ತೊಡಿಸುವ ಚಟ ಪಶ್ಚಿಮದವರದು ಮಾತ್ರ ಎಂದುಕೊಂಡು ನಾವು ಬೀಗುವಂತಿಲ್ಲ. ಕ್ಷಯಕ್ಕೆ ನಮ್ಮವರು ರಾಜಯಕ್ಷ್ಮವೆಂದು ಹೆಸರಿಟ್ಟು ಕಥೆ ಕಟ್ಟಿದರು. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳನ್ನೇ ಒಲಿದನಂತೆ; ಮಾವನ ಶಾಪದಿಂದ ಕ್ಷಯ ತಗುಲಿತಂತೆ. ಕಥೆ ಸೊಗಸಾಗಿದೆ. ಆದರೆ ಅದರ ತಿರುಳೇನು? ರೋಗ ಬಂದವನು ಏನನ್ನೋ ಮಾಡಿರಬೇಕು ಎಂಬುದೇ ಅಲ್ಲವೇ? ನಮ್ಮ ಆಲಂಕಾರಿಕರ ಆರೋಪವು ಕೋರ್ಟಿನ ಆರೋಪವಾಗುವ ಸ್ಥಳ ಇದು.

ಇನ್ನು ಯುದ್ಧದ ರೂಪಕಕ್ಕೆ ಬರೋಣ. ‘ಇಮ್ಯುನಿಟಿ’ ಎಂಬ ಮಾತನ್ನು 2020ರ ಮಹಾಮಾರಿಯ ತರುವಾಯ ತರಕಾರಿ ಅಂಗಡಿಯಲ್ಲೂ ಕೇಳುತ್ತೇವೆ. ಅದರ ಹುಟ್ಟು ರಣರಂಗದಲ್ಲಲ್ಲ, ಕಂದಾಯದ ಲೆಕ್ಕದಲ್ಲಿ. ರೋಮನ್ನರ ಕಾಲದಲ್ಲಿ ‘ಇಮ್ಯೂನಿಸ್’ ಎಂದರೆ ತೆರಿಗೆಯಿಂದಲೂ ಊರಿನ ಊಳಿಗದಿಂದಲೂ ವಿನಾಯಿತಿ ಪಡೆದವನು. ನಮ್ಮ ಶಾಸನಗಳನ್ನು ಓದಿದವರಿಗೆ ಇದಕ್ಕೆ ಸಮನಾದ ಪದ ಕೂಡಲೇ ನೆನಪಾಗುತ್ತದೆ: ಸರ್ವಮಾನ್ಯ. ಸರ್ವಬಾಧಾಪರಿಹಾರವಾಗಿ ಬಿಟ್ಟ ಭೂಮಿಗೆ ಯಾವ ತೆರಿಗೆಯವನೂ ಬರುವಂತಿಲ್ಲ. ಒಮ್ಮೆ ಸಿಡುಬಾದವನಿಗೆ ಮತ್ತೆ ಸಿಡುಬಿಲ್ಲ ಎಂಬುದನ್ನು ಹೇಳಲು ಈ ಮಾತು ಎಷ್ಟು ಚೆನ್ನಾಗಿದೆ! ಇದರಲ್ಲಿ ಶತ್ರುವಿಲ್ಲ, ಕತ್ತಿಯಿಲ್ಲ. ಸೈನ್ಯ ಬಂದದ್ದು ಆಮೇಲೆ. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ನಕ್ಷತ್ರಮೀನಿನ ಮರಿಯ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಮರುದಿನ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದನ್ನು ಕಂಡ. ಹೊರಗಿನಿಂದ ಬಂದದ್ದನ್ನು ನುಂಗುವ ಕಣಗಳು ದೇಹದಲ್ಲಿವೆ ಎಂಬ ಸಿದ್ಧಾಂತ ಅಲ್ಲಿಂದ ಬೆಳೆಯಿತು. ಅಂದಿನಿಂದ ಶಾಲೆಯ ಪಠ್ಯಪುಸ್ತಕಗಳಲ್ಲಿ ಬಿಳಿ ರಕ್ತಕಣಗಳು ಸೈನಿಕರಾದವು, ದೇಹ ಕೋಟೆಯಾಯಿತು.

ಮಕ್ಕಳಿಗೆ ನೆಗಡಿಯನ್ನು ವಿವರಿಸಲು ಈ ರೂಪಕ ಸಾಕು. ಆದರೆ ಮೂರು ಕಡೆ ಇದು ಮುಗ್ಗರಿಸುತ್ತದೆ.

ಮೊದಲನೆಯದು ರಕ್ತದ ಕ್ಯಾನ್ಸರು. ನಮ್ಮ ವೈದ್ಯಲೇಖಕರು ಕ್ಯಾನ್ಸರಿಗೆ ‘ಏಡಿಗಂತಿ’ ಎಂಬ ಅಚ್ಚಗನ್ನಡದ ಮಾತನ್ನು ಬಳಸಿದ್ದುಂಟು. ರಕ್ತದ ಕ್ಯಾನ್ಸರಿನಲ್ಲಿ ಏಡಿಯೂ ಇಲ್ಲ, ಗಂತಿಯೂ ಇಲ್ಲ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣವೇ, ಬಲಿಯದೆ, ತನ್ನ ಕೆಲಸವನ್ನೂ ಮಾಡದೆ, ಮಿತಿಯಿಲ್ಲದೆ ಬೆಳೆಯುತ್ತದೆ. ಮಿಕ್ಕ ಕಣಗಳಿಗೆ ಎಡೆಯಿಲ್ಲದಂತಾಗುತ್ತದೆ. ರೂಪಕದ ಪ್ರಕಾರ ಯಾವನು ಸೈನಿಕನೋ ಅವನೇ ಇಲ್ಲಿ ರೋಗ. ಹಾಗಾದರೆ ಹೋರಾಡುವವರು ಯಾರು?

ಎರಡನೆಯದು ನನ್ನ ಅಕ್ಕನ ಕಾಯಿಲೆಯಂಥವು. ಜರ್ಮನಿಯ ಮಹಾವಿಜ್ಞಾನಿ ಪಾಲ್ ಅರ್ಲಿಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ದೇಹವು ತನಗೆ ತಾನೇ ವಿಷವಾಗುವುದಕ್ಕೆ ಹೇಸುತ್ತದೆ ಎಂಬರ್ಥದ ಒಂದು ಲ್ಯಾಟಿನ್ ಪದಗುಚ್ಛವನ್ನು ರಚಿಸಿದ. ಪದ ಎಷ್ಟು ಬಲವಾಗಿತ್ತೆಂದರೆ, ಅಂಥ ಕಾಯಿಲೆಗಳು ಇರಲಾರವೆಂದೇ ಅನೇಕರು ಆ ಶತಮಾನದ ನಡುಭಾಗದವರೆಗೆ ನಂಬಿದ್ದರು. ಸೈನ್ಯ ತನ್ನ ರಾಜನ ಮೇಲೆ ಏರಿ ಹೋದೀತೇ ಎಂಬ ಭಾವನೆ! ಮಾತು ವಿಜ್ಞಾನಿಗಳ ಕಣ್ಣನ್ನೂ ಕಟ್ಟಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಪುರಾಣದಲ್ಲಿ ಇದಕ್ಕೆ ಹತ್ತಿರವಾದ ಚಿತ್ರವನ್ನು ಹುಡುಕಿದರೆ ಅದು ಕುರುಕ್ಷೇತ್ರವಾಗದು, ಮೌಸಲ ಪರ್ವವಾದೀತು. ಹೊರಗಿನ ವೈರಿ ಒಬ್ಬನೂ ಇಲ್ಲದೆ, ದಡದ ಹುಲ್ಲನ್ನೇ ಕಿತ್ತುಕೊಂಡು ಯಾದವರು ಯಾದವರನ್ನು ಕೊಂದ ಪರ್ವ. ಉಪಮಾನ ಹೊಂದುತ್ತದೆ ಎನ್ನುವಷ್ಟರಲ್ಲಿ ಅಲ್ಲಿಯೂ ಋಷಿಗಳ ಶಾಪ ಬಂದು ನಿಲ್ಲುತ್ತದೆ, ಹುಡುಗರ ಕುಚೇಷ್ಟೆ ಬಂದು ನಿಲ್ಲುತ್ತದೆ. ಮತ್ತೆ ಆರೋಪ. ನನ್ನ ಅಕ್ಕ ಯಾವ ಋಷಿಯನ್ನೂ ಕೆಣಕಿದವಳಲ್ಲ.

ಮೂರನೆಯದು ಚಿಕಿತ್ಸೆ. ಇದನ್ನು ತಿಳಿಯಲು ಸಿದ್ಧಾರ್ಥ ಮುಖರ್ಜಿಯವರ ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’ ಎಂಬ ಪುಸ್ತಕ ಬಹಳ ಉಪಕಾರಿ. ದಿಲ್ಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕ್ಯಾನ್ಸರ್ ವೈದ್ಯರಾಗಿರುವ ಮುಖರ್ಜಿಯವರ ಈ ಗ್ರಂಥ 2010ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು. ರೋಗಕ್ಕೆ ಚಕ್ರವರ್ತಿಯ ಕಿರೀಟ ತೊಡಿಸುವ ಶೀರ್ಷಿಕೆಯನ್ನು ಕಂಡು ನಾನು ಹುಬ್ಬುಗಂಟಿಕ್ಕಿದೆ. ಪುಸ್ತಕದ ಬಹುಭಾಗದಲ್ಲಿ ಯುದ್ಧದ ಭಾಷೆಯೇ ಮೊಳಗುತ್ತದೆ. ಅಮೆರಿಕದ ಸರ್ಕಾರ 1971ರಲ್ಲಿ ಕ್ಯಾನ್ಸರಿನ ವಿರುದ್ಧ ಶಾಸನ ಮಾಡಿದ ಕಥೆಯನ್ನು ಬೇರೆ ಭಾಷೆಯಲ್ಲಿ ಹೇಳುವುದೂ ಕಷ್ಟ. ಆದರೆ ಗ್ರಂಥದ ಒಳಗೆ ಹೋದಂತೆ, ಲೇಖಕರಿಗೆ ತಮ್ಮ ಶೀರ್ಷಿಕೆಗಿಂತ ಹೆಚ್ಚಿನ ವಿವೇಕವಿದೆಯೆಂದು ಮನದಟ್ಟಾಗುತ್ತದೆ.

ಒಂದು ನಿದರ್ಶನ ಕೊಡುತ್ತೇನೆ. 1845ರಲ್ಲಿ ಸ್ಕಾಟ್ಲೆಂಡಿನ ಬೆನೆಟ್ ಎಂಬ ವೈದ್ಯ, ತೀರಿಕೊಂಡ ರೋಗಿಯ ರಕ್ತ ಬೆಳ್ಳಗಿದ್ದುದನ್ನು ನೋಡಿ, ರಕ್ತವೇ ಕೀವಾಗಿದೆ ಎಂದು ಬರೆದ. ಅದೇ ವರ್ಷ ಜರ್ಮನಿಯ ವಿರ್ಕೋ ಅಂಥದೇ ರಕ್ತವನ್ನು ಕಂಡ. ಕಾರಣ ತಿಳಿಯದೆ ಕಥೆ ಹೇಳಲೊಲ್ಲದೆ, ‘ಬಿಳಿ ರಕ್ತ’ ಎಂದಷ್ಟೇ ಕರೆದ. 1847ರಲ್ಲಿ ಅದನ್ನೇ ಗ್ರೀಕಿಗೆ ತಿರುಗಿಸಿ ಲ್ಯುಕೇಮಿಯಾ ಎಂದ. ಕಂಡದ್ದನ್ನು ಕಂಡಷ್ಟೇ ಹೇಳಿದ ಆ ಬಡ ಹೆಸರೇ ಮುಂದಿನವರಿಗೆ ದಾರಿಯಾಯಿತು. ಮುಖರ್ಜಿಯವರು ಈ ಪ್ರಸಂಗವನ್ನು ವೈದ್ಯರಾಗಿ ಬರೆದಿದ್ದಾರೆ. ನಾನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದಿದೆ. ಅಲಂಕಾರವಿಲ್ಲದ ಮಾತಿಗೂ ಒಂದು ಶಕ್ತಿಯಿದೆ ಎಂಬುದನ್ನು ನಾವು ಮೇಷ್ಟರುಗಳು ಅಷ್ಟಾಗಿ ಹೇಳಿಕೊಡುವುದಿಲ್ಲ.

ಔಷಧದ ಕಥೆ ಇನ್ನೂ ಸ್ವಾರಸ್ಯವಾದದ್ದು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ ಮಕ್ಕಳಿಗೆ ಮೊದಲು ಫೋಲಿಕ್ ಆಮ್ಲದ ಜಾತಿಯ ಪದಾರ್ಥಗಳನ್ನು ಕೊಟ್ಟು ನೋಡಿದ. ಅದಕ್ಕೂ ಹಿಂದೆ ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಸುರಿ ಹೆಂಗಸರ ರಕ್ತಹೀನತೆಯನ್ನು ಈಸ್ಟಿನ ಸಾರದಿಂದ ಗುಣಪಡಿಸಿದ್ದಳು. ಆ ಸಾರದಲ್ಲಿದ್ದ ಸತ್ತ್ವವೇ ಫೋಲಿಕ್ ಆಮ್ಲವೆಂದು ಆಮೇಲೆ ಗೊತ್ತಾಯಿತು. ಆದರೆ ಲ್ಯುಕೇಮಿಯಾದ ಮಕ್ಕಳಲ್ಲಿ ರೋಗ ತಗ್ಗುವುದಿರಲಿ, ಮತ್ತಷ್ಟು ಬೇಗ ಬೆಳೆಯಿತು. ಹಾಗಾದರೆ ಆ ಸತ್ತ್ವವನ್ನು ತಡೆದರೆ ಹೇಗೆ ಎಂದು ಫಾರ್ಬರ್ ಯೋಚಿಸಿದ. ತಡೆಯುವ ಪದಾರ್ಥವನ್ನು ಅವನಿಗೆ ಒದಗಿಸಿದವರು, ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಅವರ ಸಂಗಡಿಗರು. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ ಹತ್ತು ಮಂದಿಗೆ ಗುಣ ಕಂಡಿತ್ತು. ಆ ಗುಣ ಬಹುಕಾಲ ನಿಲ್ಲಲಿಲ್ಲ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಆ ಔಷಧ ಕೆಲಸ ಮಾಡುವ ರೀತಿಯನ್ನು ನೋಡಿ. ಅದು ಫೋಲಿಕ್ ಆಮ್ಲದ ವೇಷ ಹಾಕಿಕೊಂಡು ಕಣದೊಳಕ್ಕೆ ಹೋಗುತ್ತದೆ. ಅನ್ನವೆಂದು ನಂಬಿ ತೆಗೆದುಕೊಂಡ ಕಣಕ್ಕೆ ಅದು ಅನ್ನವಾಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ಇದು ಯುದ್ಧವೋ, ಬಯಲಾಟದ ವೇಷವೋ? ಆ ಒಂದು ಬಾಗಿಲು ತೆರೆದದ್ದರಿಂದ, ಮಕ್ಕಳ ಲ್ಯುಕೇಮಿಯಾದ ಬಹುಸಾಮಾನ್ಯವಾದ ಬಗೆಯಲ್ಲಿ ಇಂದು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಉಳಿಯುತ್ತಾರೆ.

ಇಲ್ಲಿಂದ ನನ್ನ ಅಕ್ಕನ ಗುಳಿಗೆಗೆ ಎರಡೇ ಹೆಜ್ಜೆ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬ ವಿಜ್ಞಾನಿಗಳು 1950ರ ಆಸುಪಾಸಿನಲ್ಲಿ ಇದೇ ವೇಷದ ಉಪಾಯದಿಂದ ಲ್ಯುಕೇಮಿಯಾಕ್ಕೆ ಮತ್ತೊಂದು ಔಷಧವನ್ನು ಮಾಡಿದರು. ಅದನ್ನು ಕೊಟ್ಟ ಮೊಲಗಳಲ್ಲಿ ಹೊರಗಿನ ಪದಾರ್ಥಕ್ಕೆ ಪ್ರತಿವಿಷ ಹುಟ್ಟುವುದು ನಿಲ್ಲುತ್ತದೆಂದು 1959ರಲ್ಲಿ ಬಾಸ್ಟನ್ನಿನ ಇಬ್ಬರು ವೈದ್ಯರು ತೋರಿಸಿದರು. ಅದರಿಂದಲೇ ಬೆಳೆದದ್ದು ಅಝಥಯೋಪ್ರಿನ್. ಬೇರೆಯವರ ಮೂತ್ರಪಿಂಡವನ್ನು ಕಸಿಮಾಡಿದಾಗ ದೇಹ ಅದನ್ನು ತಳ್ಳಿಹಾಕದಂತೆ 1960ರ ದಶಕದಿಂದ ಅದನ್ನು ಕೊಡುತ್ತ ಬಂದರು. ಅಕ್ಕ ರಾತ್ರಿ ಊಟವಾದ ಮೇಲೆ ನುಂಗುವ ಗುಳಿಗೆ ಅದೇ. ಬಿಳಿಕಣ ಮಿತಿಮೀರಿ ಬೆಳೆಯುವ ರೋಗಕ್ಕೆ ಹುಡುಕಿದ್ದು, ಬಿಳಿಕಣ ದಿಕ್ಕುತಪ್ಪಿದ ರೋಗಕ್ಕೂ ಒದಗಿತು. ತೀರಿಹೋದ ನನ್ನ ಮಿತ್ರರೂ ಬದುಕಿರುವ ನನ್ನ ಅಕ್ಕನೂ ಔಷಧದ ವಂಶಾವಳಿಯಲ್ಲಿ ಹತ್ತಿರದ ನೆಂಟರು ಎಂದು ತಿಳಿದಾಗ, ಅವಳು ಆ ಲೇಖನವನ್ನು ಅಷ್ಟು ನಿಧಾನವಾಗಿ ಏಕೆ ಓದಿದಳೆಂದು ಅರ್ಥವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ಸಾಂಟಾಗ್ ಅವರ ವಾದವನ್ನು ಪೂರ್ತಿಯಾಗಿ ಒಪ್ಪಿದ್ದೇನೆಯೇ ಎಂದು ವಾಚಕರು ಕೇಳಬಹುದು. ಇಲ್ಲ. ಅವರು ಕೇಳುವುದು ಅಸಾಧ್ಯವಾದದ್ದನ್ನು. ರೂಪಕಗಳನ್ನು ಇಳಿಸಿ ಎಂದು ಹೇಳುವ ಆ ಪುಸ್ತಕವನ್ನು ಅವರು ಆರಂಭಿಸುವುದೇ ಆರೋಗ್ಯವಂತರ ರಾಜ್ಯ, ರೋಗಿಗಳ ರಾಜ್ಯ ಎಂಬ ಎರಡು ರಾಜ್ಯಗಳ ರೂಪಕದಿಂದ. ನಾಲಗೆ ಇರುವ ತನಕ ರೂಪಕ ತಪ್ಪದು. ಯುದ್ಧದ ಮಾತಿಗೂ ಇತಿಹಾಸದ ಆಧಾರ ಇಲ್ಲದಿಲ್ಲ. ಯುದ್ಧದ ವಿಷಾನಿಲವಾದ ಮಸ್ಟರ್ಡ್ ಗ್ಯಾಸಿನ ಸಂಶೋಧನೆಯಿಂದಲೇ 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮೊದಮೊದಲ ಕ್ಯಾನ್ಸರ್ ಔಷಧವೊಂದು ಹುಟ್ಟಿತು. ಅಲ್ಲದೆ, ತಾನು ಹೋರಾಡುತ್ತಿದ್ದೇನೆ ಎಂಬ ಭಾವನೆಯಿಂದ ಬಲ ಪಡೆಯುವ ರೋಗಿಗಳೂ ಇದ್ದಾರೆ. ಅವರ ಕೈಯಿಂದ ಆ ಮಾತನ್ನು ಕಿತ್ತುಕೊಳ್ಳಲು ನಾನು ಯಾರು?

ಸಾಂಟಾಗ್ ಅವರ ಅಂತ್ಯವೇ ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣವಾಗಿಸುತ್ತದೆ. 2004ರಲ್ಲಿ ಅವರಿಗೆ ಮಜ್ಜೆಯ ಕಾಯಿಲೆ ಇರುವುದು ಗೊತ್ತಾಯಿತು. ಅದು ಲ್ಯುಕೇಮಿಯಾಕ್ಕೆ ತಿರುಗುವ ಬಗೆಯದು. ಆಗ ಅವರಿಗೆ 71 ವರ್ಷ. ಸಿಯಾಟಲ್ ನಗರದಲ್ಲಿ ಮಜ್ಜೆಯ ಕಸಿ ಮಾಡಿಸಿಕೊಂಡರು. ಕಸಿಯೆಂದರೆ ರೋಗಿಯ ಮಜ್ಜೆಯನ್ನು ಔಷಧ ವಿಕಿರಣಗಳಿಂದ ಅಳಿಸಿ, ಬೇರೊಬ್ಬರ ಮಜ್ಜೆಯನ್ನು ನೆಲೆಗೊಳಿಸುವುದು. ಬಂದ ಮಜ್ಜೆ ಹೊಸ ಮನೆಯನ್ನೇ ಪರಕೀಯವೆಂದು ತಿಳಿದು ಕೆರಳದ ಹಾಗೆ ನಿರೋಧಕ ಶಕ್ತಿಯನ್ನು ಅದುಮುತ್ತ ಇರುವುದು. ಕಸಿ ಫಲಿಸಲಿಲ್ಲ. ಡಿಸೆಂಬರ್ 28ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಮಗ ಡೇವಿಡ್ ರೀಫ್ 2008ರಲ್ಲಿ ಬರೆದ ಸ್ಮರಣಗ್ರಂಥವನ್ನು ಓದಿದರೆ, ಸಾವನ್ನು ಒಪ್ಪಲು ಅವರು ಕೊನೆಯವರೆಗೂ ಸಿದ್ಧರಿರಲಿಲ್ಲವೆಂದು ತಿಳಿಯುತ್ತದೆ. ತಾಯಿಗೆ ಭರವಸೆಯ ಮಾತನ್ನೇ ಆಡುತ್ತ ಹೋದದ್ದು ಸರಿಯೋ ತಪ್ಪೋ ಎಂಬ ತೊಳಲಾಟ ಆ ಪುಸ್ತಕದ ಜೀವಾಳ. ಯುದ್ಧದ ರೂಪಕವನ್ನು ಖಂಡಿಸಿದವರು ಕೊನೆಗೆ ಅದರಂತೆಯೇ ಬದುಕಿದರು ಎಂದು ಚಮತ್ಕಾರವಾಗಿ ಬರೆದುಬಿಡುವುದು ಸುಲಭ. ಹಾಗೆ ಬರೆಯಲು ನನ್ನ ಲೇಖನಿ ಈಗ ಹೆದರುತ್ತದೆ. ಬದುಕಬೇಕೆಂಬ ಆಸೆ ರೂಪಕವಲ್ಲ. ಅವರಿಗೆ ಬೇಕಿದ್ದುದು ಇನ್ನಷ್ಟು ದಿನಗಳು. ಅವುಗಳಿಗಾಗಿ ಏನೆಲ್ಲ ಸಹಿಸಿದರು. ಅದಕ್ಕೆ ಗೆಲುವು ಸೋಲುಗಳ ಅಂಕ ಹಾಕಬೇಕಾದವರು ನಾವಲ್ಲ.

ಆದಕಾರಣ ನನಗೆ ತೋರುವ ವಿವೇಕ ಇಷ್ಟೇ. ರೋಗಿ ತನ್ನ ರೋಗಕ್ಕೆ ಯಾವ ರೂಪಕವನ್ನಾದರೂ ಕಟ್ಟಿಕೊಳ್ಳಲಿ. ಅದು ಅವನ ಸ್ವತ್ತು. ನಾವು, ಎಂದರೆ ಹಾಸಿಗೆಯ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತವರು, ಮರಣವಾರ್ತೆ ಬರೆಯುವವರು, ಚಿತ್ರ ತೆಗೆಯುವವರು, ಆಡುವ ರೂಪಕಕ್ಕೆ ಒಂದು ಪರೀಕ್ಷೆ ಬೇಕು. ಗುಣವಾಗದಿದ್ದರೆ ತಪ್ಪು ಯಾರದೆಂದು ಆ ರೂಪಕ ಹೇಳುತ್ತದೆ? ಯುದ್ಧದ ರೂಪಕದಲ್ಲಿ ಸೋತವನು ಸರಿಯಾಗಿ ಕಾದಲಿಲ್ಲ ಎಂಬ ಧ್ವನಿ ತಪ್ಪದೆ ಇರುತ್ತದೆ. ವಾಚ್ಯದಲ್ಲಿ ಹೊಗಳಿಕೆ, ಧ್ವನಿಯಲ್ಲಿ ದೂಷಣೆ. ಧ್ವನಿಯನ್ನು ಕುರಿತು ವರ್ಷವೆಲ್ಲ ಪಾಠ ಹೇಳುವ ನನಗೆ ಅದು ಕೇಳಿಸಲಿಲ್ಲ, ಗುಳಿಗೆ ನುಂಗುವವಳಿಗೆ ಕೇಳಿಸಿತು.

ಈ ಮಾತಿನಿಂದ ಬರೀ ಮನಸ್ಸಿಗಷ್ಟೇ ನೋವಾಗುತ್ತದೆ ಎಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ, ಸೈನ್ಯಕ್ಕೆ ಬಲ ತುಂಬಬೇಕೆಂಬ ತರ್ಕದಿಂದ ನೆಂಟರೊಬ್ಬರು ಅಕ್ಕನಿಗೆ ಅಮೃತಬಳ್ಳಿಯ ಕಷಾಯವನ್ನು ದಿನವೂ ಕಾಸಿ ಕಳುಹಿಸುತ್ತಿದ್ದರು. ಪ್ರೀತಿಯಿಂದ ಕಳುಹಿಸಿದ್ದನ್ನು ಬೇಡವೆನ್ನಲಾರದೆ ವಾರವಿಡೀ ಕುಡಿದಳು. ವಿಷಯ ತಿಳಿದ ವೈದ್ಯರು ಗಾಬರಿಯಾಗಿ ನಿಲ್ಲಿಸಿದರು. ಅವಳ ದೇಹದಲ್ಲಿ ತಗ್ಗಿಸಬೇಕಾಗಿದ್ದುದು ಅದೇ ಬಲವನ್ನು! ಮತ್ತೊಮ್ಮೆ ಜ್ವರ ಬಂದಾಗ, ಇಷ್ಟಕ್ಕೆಲ್ಲ ಹೆದರುವುದು ಹೇಡಿತನವೆಂದು ಮನೆಯವರು ಮರುದಿನದವರೆಗೆ ಕಾದರು. ನಿರೋಧಕ ಶಕ್ತಿಯನ್ನು ತಗ್ಗಿಸಿದವರಿಗೆ ಜ್ವರ ಬಂದರೆ ಕಾಯುವಂತಿಲ್ಲ, ಅಂದೇ ವೈದ್ಯರನ್ನು ಕಾಣಬೇಕು. ಆ ಮನೆಯವರಲ್ಲಿ ನಾನೂ ಒಬ್ಬನಾಗಿದ್ದೆ. ಅವಳು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಳು.

ನಿನ್ನ ಕಾಯಿಲೆಗೆ ನೀನಾದರೆ ಯಾವ ಮಾತು ಬಳಸುತ್ತೀಯೆ ಎಂದು ಅವಳನ್ನೇ ಕೇಳಿದೆ. ಅಡಿಗೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದಳು. “ಹದ ಕಣೋ” ಎಂದಳು. “ಮಾತ್ರೆ ಕಡಿಮೆಯಾದರೆ ಕೀಲೆಲ್ಲ ಹಿಡಿಯತ್ತೆ, ಜಾಸ್ತಿಯಾದರೆ ಊರಿನ ಕೆಮ್ಮೆಲ್ಲ ನನಗೇ. ಡಾಕ್ಟರು ರಕ್ತ ನೋಡಿ ಅರ್ಧ ಮಾತ್ರೆ ಇಳಿಸ್ತಾರೆ, ಕಾಲು ಮಾತ್ರೆ ಏರಿಸ್ತಾರೆ. ಹದ ತಪ್ಪಿದರೆ ಪಾಕದ್ದೇನು ತಪ್ಪು? ಉರಿ ಸರಿಮಾಡಿಕೋಬೇಕು, ಅಷ್ಟೆ.” ಇದೂ ರೂಪಕವೇ. ಆದರೆ ಇದರಲ್ಲಿ ಸೋತವರು ಯಾರೂ ಇಲ್ಲ, ಶಾಪ ಕೊಟ್ಟವರೂ ಇಲ್ಲ. ಚಿಕಿತ್ಸೆ ನಡೆಯುವ ರೀತಿಗೆ ನಮ್ಮ ಸೈನ್ಯ, ಕೋಟೆ, ಶತ್ರುಗಳಿಗಿಂತ ಇದು ಹತ್ತಿರವಾಗಿಯೂ ಇದೆ. ಹಳೆಯ ಲಾಕ್ಷಣಿಕರು ಔಚಿತ್ಯ ಎಂದು ಕರೆದದ್ದು ಬಹುಶಃ ಇದನ್ನೇ.

ಕಾಲೇಜಿನ ಸಂಚಿಕೆ ಅಚ್ಚಾಗಿ ಹೋಗಿದೆ, ಅದನ್ನು ತಿದ್ದುವಂತಿಲ್ಲ. ಆ ಮೊದಲನೆಯ ವಾಕ್ಯವನ್ನು ಇಲ್ಲಿ ತಿದ್ದಿ ಬರೆಯಲು ಸಂಪಾದಕರೂ ವಾಚಕರೂ ಅಪ್ಪಣೆ ಕೊಡಬೇಕು: ನಮ್ಮ ಮಿತ್ರರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು, ಎರಡು ವರ್ಷ ಚಿಕಿತ್ಸೆ ಪಡೆದರು, ಇದ್ದ ಔಷಧಗಳು ಸಾಲದೆ ಹೋದವು, ಮೈ ಒಪ್ಪಿದ ದಿನಗಳಲ್ಲಿ ಕಾಲೇಜಿಗೆ ಬಂದು, ಕುರ್ಚಿಯ ಮೇಲೆ ಕೂತು, ವಿಜಯನಗರದ ಪಾಠವನ್ನು ಮುಗಿಸಿದರು.